ಕಾವಲುಗಾರರ ಸದ್ದಿಲ್ಲದ ವಜಾ

ಹೋದ ವರ್ಷ ಶಿಶುವಿಹಾರದ ವಾರ್ಷಿಕೋತ್ಸವಕ್ಕೆ ಹೋಗಲಾಗದೆ ತಡವಾಗಿ ಮನೆ ಸೇರಿದ ದಿನವೇ ಬ್ಯೋನ್ ಗಿಹೋ ಮಗಳು ಸೋಲ್‌ಗೆ ಮಾತು ಕೊಟ್ಟಿದ್ದ: ಮುಂದಿನ ವರ್ಷ ಮೊದಲ ಸಾಲಿನಲ್ಲಿ ಕೂರುತ್ತೇನೆ. ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ, ಹೆಬ್ಬೆರಳಿನಿಂದ ಮುದ್ರೆ ಒತ್ತಿಸಿಕೊಂಡ ಮೇಲೆಯೇ ಅವಳು ಮಲಗಿದ್ದು. ಈ ವರ್ಷ ಅವಳಿಗೆ ಮೂಲಂಗಿಯ ಪಾತ್ರ. ಕಿಮ್ಚಿ ಉಪ್ಪಿನಕಾಯಿಯ ಕುಣಿತದಲ್ಲಿ ಎಲೆಕೋಸಿಗಿಂತ ಮೂಲಂಗಿಗೇ ಹೆಚ್ಚು ಹೆಜ್ಜೆ ಎಂದು ಬೆಳಗ್ಗೆ ಅನ್ನ ತಿನ್ನುವಾಗಲೂ ಹೇಳಿದ್ದಳು. ಕುಣಿತ ಇವತ್ತು ಸಂಜೆ ಆರಕ್ಕೆ.

ಕೊರಿಯಾದ ಬಂದರು ಊರು ಇಂಚೋನ್‌ನ ಟೂತ್‌ಬ್ರಷ್ ಕಾರ್ಖಾನೆಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಗಿಹೋ ಒಬ್ಬನೇ. ಅವನು ಕೋಟು ಬಿಚ್ಚುವ ಮೊದಲೇ ಯಜಮಾನರು ಒಳಗೆ ಕರೆದರು.

"ಬ್ಯೋನ್, ನನ್ ಕಂಪ್ಯೂಟರ್ ಶುರುವಾಗೋಷ್ಟ್ರಲ್ಲಿ ಎರಡು ಕಪ್ ಕಾಫಿ ಮುಗೀತಪ್ಪ."

"ಎಲ್ಲರದ್ದೂ ಹಾಗೇ ಸರ್. ಬ್ಯಾಂಕಿನ ಸೈಟಿಗೆ ಹೋದ್ರೆ ಒಂದು ಸುರಕ್ಷತಾ ಪ್ರೋಗ್ರಾಂ ಹಾಕ್ಕೋ ಅಂತಾರೆ, ತೆರಿಗೆಯವರ ಸೈಟಿಗೆ ಹೋದ್ರೆ ಇನ್ನೊಂದು. ಕಾವಲಿಗೆ ಅಂತ ಒಳಗೆ ಬಂದದ್ದು ಯಾವುದೂ ಹೊರಗೆ ಹೋಗಲ್ಲ."

"ಎಲ್ಲಾ ಕಿತ್ತು ಹಾಕು. ಆದ್ರೆ ಯಾರಿಗೂ ಗೊತ್ತಾಗಬಾರ್ದು. ಹೋದ್ಸಲ ಎಲ್ಲರನ್ನೂ ಕೇಳಿ ಮಾಡೋಣ ಅಂತ ಹೊರಟು ಏನಾಯ್ತು? ನಂದು ಮಾತ್ರ ಬಿಡಿ ಅಂತ ಒಬ್ಬೊಬ್ರೂ ಬಂದು ಬಾಗಿಲಲ್ಲಿ ನಿಂತ್ರು."

ಒಂದೊಂದು ಮೇಜಿಗೂ ಹೋಗಿ ಕೀಳುತ್ತಾ ಕೂತರೆ ಮೂಲಂಗಿಯ ಕುಣಿತವಿರಲಿ, ಅದರ ಮದುವೆಯೂ ಮುಗಿದಿರುತ್ತಿತ್ತು. ಗಿಹೋ ತನ್ನ ಜಾಗದಲ್ಲೇ ಕೂತು ಎಲ್ಲ ಕಂಪ್ಯೂಟರ್‌ಗಳಿಗೂ ಸೇರಿಸಿ ಒಂದೇ ಸ್ಕ್ರಿಪ್ಟ್ ಬರೆದ. ಈ ಪ್ರೋಗ್ರಾಂಗಳನ್ನು ಹುಡುಕು, ಕಿತ್ತುಹಾಕು. ಪರದೆಯ ಮೇಲೆ ‘ತೆಗೆಯಲೇ?’ ಎಂದು ಕೇಳಬೇಡ, ‘ತೆಗೆದೆ’ ಎಂದೂ ಹೇಳಬೇಡ. ಬರೆದದ್ದು ತನಗೇ ಮೆಚ್ಚುಗೆಯಾಗಿ ಕೊನೆಗೆ ಇನ್ನೊಂದು ಸಾಲು ಸೇರಿಸಿದ: ಕಂಪ್ಯೂಟರ್ ಆನ್ ಆದಾಗಲೆಲ್ಲ ಇದನ್ನೇ ಮತ್ತೆ ಮಾಡು.

ಜನ ಮಧ್ಯಾಹ್ನದ ಸೋಯಾ ಸಾರು ಉಂಡು ಬರುವಷ್ಟರಲ್ಲಿ ಕಂಪ್ಯೂಟರ್‌ಗಳೆಲ್ಲ ಎಣ್ಣೆಸ್ನಾನವಾದ ಕೂಸಿನಂತೆ ಹಗುರಾಗಿದ್ದವು. ಯಾರಿಗೂ ಗೊತ್ತಾಗಲಿಲ್ಲ. ಗಿಹೋ ಹೂವಿನಂಗಡಿಗೆ ಫೋನ್ ಮಾಡಿ ಒಂದು ಗುಚ್ಛ ಹೇಳಿಟ್ಟ.

"ಗಿಹೋ ಅವ್ರೇ, ಸ್ವಲ್ಪ ಬನ್ನಿ ಇಲ್ಲಿ."

ರಫ್ತು ವಿಭಾಗದ ಓಕ್ ಮಿನ್ಯೊಂಗ್. ಆ ದನಿಗೆ ಸ್ವಲ್ಪ ಬಂದರೆ ಸಾಲುವಂತಿರಲಿಲ್ಲ. ಬ್ರಷ್ ತುಂಬಿದ ಲಾರಿ ಬಂದರಿನ ಬಾಗಿಲಲ್ಲಿ ನಿಂತಿದೆ; ಸುಂಕದವರ ಸೈಟಿನಲ್ಲಿ ಅವಳು ಕಾಗದ ಸಲ್ಲಿಸದೆ ಒಳಗೆ ಬಿಡುವುದಿಲ್ಲ.

"ಸುರಕ್ಷತಾ ಪ್ರೋಗ್ರಾಂ ಹಾಕಿ, ಆಫ್ ಮಾಡಿ ಆನ್ ಮಾಡು ಅಂತು. ಮಾಡ್ದೆ. ಮತ್ತೆ ಹಾಕು ಅಂತಿದೆ. ಮತ್ತೆ ಹಾಕಿ ಆಫ್ ಮಾಡಿ ಆನ್ ಮಾಡ್ದೆ. ಮತ್ತೂ ಹಾಕು ಅಂತಿದೆ. ನಮ್ಮತ್ತೇನೂ ಇಷ್ಟು ಸತಾಯಿಸಲ್ಲ."

ಗಿಹೋಗೆ ಥಟ್ಟನೆ ಹೊಳೆಯಿತು. ಅವಳು ಹಾಕಿದ್ದನ್ನೆಲ್ಲ, ಕಂಪ್ಯೂಟರ್ ಆನ್ ಆದ ಕೂಡಲೇ, ಅವನ ಸ್ಕ್ರಿಪ್ಟೇ ಸದ್ದಿಲ್ಲದೆ ಕಿತ್ತು ಬಿಸಾಡುತ್ತಿತ್ತು. ತನ್ನ ಜಾಗಕ್ಕೆ ಹೋಗಿ ಅದನ್ನು ನಿಲ್ಲಿಸಿದರೆ ಸಾಕು.

"ಒಂದ್ನಿಮಿಷ, ನನ್ನ ಮೇಜಿಗೆ ಹೋಗಿ ಬಂದೆ."

"ಎಲ್ಲಿಗೂ ಹೋಗೋ ಹಾಗಿಲ್ಲ. ಇಲ್ಲೇ, ನನ್ ಕಣ್ಮುಂದೆ ಸರಿ ಮಾಡಿ." ಅವಳು ಅವನ ತೋಳು ಹಿಡಿದಳು. ಇನ್ನೊಂದು ಕೈಯಲ್ಲಿದ್ದ ಫೋನಿನಿಂದ ಲಾರಿಯವನು, "ಅಕ್ಕಾ, ಹಡಗು ನಮ್ ಮಾವಂದಲ್ಲ, ಕಾಯಲ್ಲ," ಅಂದ.

ಜನ ಸೇರಿದರು. ಇಂಟರ್‌ನೆಟ್ಟೇ ಸರಿ ಇಲ್ಲ ಎಂದರು ಒಬ್ಬರು. ಮೌಸ್ ಬದಲಿಸಿ ನೋಡಿ ಎಂದರು ಮತ್ತೊಬ್ಬರು. ಸುಂಕದವರಿಗೆ ಫೋನ್ ಮಾಡಿದರೆ, "ಮತ್ತೊಮ್ಮೆ ಹಾಕಿ ನೋಡಿ ಮೇಡಂ," ಅಂದರು. ಗಂಟೆ ನಾಲ್ಕಾಯಿತು. ಆಗ ಗುಂಪನ್ನು ಸರಿಸಿಕೊಂಡು ಮ್ಯಾನೇಜರ್ ಪ್ಯೋ ಬಂದರು.

"ಧೂಳು," ಎಂದರು ಪ್ಯೋ, ತೋಳು ಮಡಚುತ್ತಾ.

"ಧೂಳಲ್ಲ ಸರ್..." ಎಂದ ಗಿಹೋ.

"ಸೈನ್ಯದಲ್ಲಿದ್ದಾಗ ರೇಡಿಯೋ ರಿಪೇರಿ ಮಾಡ್ದೋನು ನಾನಾ, ನೀನಾ? ಯಂತ್ರಕ್ಕೂ ಹಲ್ಲಿರುತ್ತೆ ಕಣಯ್ಯ. ಉಜ್ಜಬೇಕು."

ಕಂಪ್ಯೂಟರ್ ಆಫ್ ಮಾಡಿಸಿ, ಮುಚ್ಚಳ ಬಿಚ್ಚಿ, ಕಾರ್ಖಾನೆಯ ಹೊಸ ಬ್ರಷ್ಷೊಂದನ್ನು ತರಿಸಿ ಒಳಗೆಲ್ಲ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಉಜ್ಜತೊಡಗಿದರು. ನೋಡಲು ಮಿನ್ಯೊಂಗ್ ಕೂಡ ಬಗ್ಗಿದಳು. ತೋಳು ಬಿಡುಗಡೆಯಾಯಿತು. ಗಿಹೋ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ತನ್ನ ಮೇಜಿಗೆ ಹಾರಿ ಸ್ಕ್ರಿಪ್ಟನ್ನು ನಿಲ್ಲಿಸಿದ.

"ಈಗ ಹಾಕಮ್ಮ," ಎಂದರು ಪ್ಯೋ.

ಮಿನ್ಯೊಂಗ್ ಪ್ರೋಗ್ರಾಂ ಹಾಕಿದಳು. ಆಫ್ ಮಾಡಿ ಆನ್ ಮಾಡಿದಳು. ಸೈಟು ತೆರೆಯಿತು, ಕಾಗದ ಹೋಯಿತು, ಲಾರಿ ಬಂದರಿನೊಳಗೆ ನುಗ್ಗಿತು. ಕಚೇರಿಗೆ ಕಚೇರಿಯೇ ಚಪ್ಪಾಳೆ ತಟ್ಟಿತು.

ಸದ್ದು ಕೇಳಿ ಯಜಮಾನರು ಹೊರಗೆ ಬಂದರು. "ಪ್ಯೋ ಅವ್ರೇ, ನನ್ ಕಂಪ್ಯೂಟರ್ರೂ ಊಟ ಆದ್ಮೇಲಿಂದ ಕುದುರೆ ಥರ ಓಡ್ತಿದೆ. ಅದನ್ನೂ ಉಜ್ಜಿದ್ರಾ?"

ಪ್ಯೋ ನಾಚಿ ತಲೆ ತಗ್ಗಿಸಿದರು. "ಹಾಗೇ ಮೇಲ್ಮೇಲೆ, ಸರ್."

ಯಜಮಾನರು ಗಿಹೋನ ಕಡೆ ತಿರುಗಿ ದನಿ ಇಳಿಸಿದರು. "ನೋಡಪ್ಪ, ಬೆಳಗ್ಗೆ ಹೇಳಿದ್ದು ನಿಂಗೆ. ನೀನು ಕುರ್ಚಿ ಬಿಟ್ಟು ಎದ್ದದ್ದನ್ನೇ ನಾನು ನೋಡ್ಲಿಲ್ಲ. ಆ ವಯಸ್ಸಿನವರು ಮಾಡಿ ತೋರಿಸಿದ್ರು."

ಗಿಹೋ ಬಾಯಿ ತೆರೆದ. ಕಿತ್ತದ್ದು ತಾನೇ ಎಂದರೆ ಇಡೀ ಮಧ್ಯಾಹ್ನ ಮಿನ್ಯೊಂಗ್‌ಳ ಹೊಟ್ಟೆ ಉರಿಸಿದ್ದೂ ತಾನೇ ಎಂದಾಗುತ್ತದೆ. ಅವಳು ಪಕ್ಕದಲ್ಲೇ ಸ್ಟೇಪ್ಲರ್ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿದ.

"ಪ್ಯೋ ಅವರ ಗೌರವಕ್ಕೆ ಇವತ್ತು ಎಲ್ಲರಿಗೂ ಹಂದಿಮಾಂಸದ ಊಟ. ಐದೂವರೆಗೆ ಹೊರಡೋಣ, ಒಬ್ಬರೂ ತಪ್ಪಿಸ್ಕೋಬಾರ್ದು," ಎಂದರು ಯಜಮಾನರು.

"ಸರ್, ಸಂಜೆ ನನ್ ಮಗಳ ಕುಣಿತ..."

"ಕುಣೀಲಿ ಬಿಡಪ್ಪ, ಮಕ್ಕಳು ಕುಣೀಬೇಕು."

ಆರು ಗಂಟೆಗೆ ಗಿಹೋ ಕೆಂಡದ ಮುಂದೆ ಇಕ್ಕಳ ಹಿಡಿದು ಪ್ಯೋ ಅವರ ಪಾಲಿನ ತುಂಡುಗಳನ್ನು ಮಗುಚಿ ಹಾಕುತ್ತಿದ್ದ. "ನಾಳೆಯಿಂದ ನೀನೇ ಒಂದೊಂದು ಮೇಜಿಗೂ ಹೋಗಿ ಉಜ್ಜಬೇಕು, ಬ್ಯೋನ್," ಎಂದರು ಪ್ಯೋ, ತಟ್ಟೆ ಮುಂದೆ ಚಾಚುತ್ತಾ. "ಕೂತಲ್ಲಿಂದ ಯಾವ ಕೆಲಸವೂ ಆಗಲ್ಲ."

ಶಿಶುವಿಹಾರದಲ್ಲಿ ಮೂಲಂಗಿ ಕುಣಿಯಿತು. ಮೊದಲ ಸಾಲಿನಲ್ಲಿ ಅವನ ಹೆಂಡತಿ ಒಬ್ಬಳೇ ಕೂತಿದ್ದಳು. ಗಿಹೋ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.