ಚಾಂದನಿ ಚೌಕದಲ್ಲಿ ಕಪ್ಪು-ಬಸಿ ಹುಡುಕಿದ್ದು

ನಾನು ಕೈ ಹಾಕಿದ ಯಾವ ಕಾರ್ಯಕ್ರಮವೂ ಶುರುವಾದ ಹಾಗೆ ಮುಗಿದದ್ದಿಲ್ಲ. ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆಡಳಿತ ವಿಭಾಗ ನೋಡಿಕೊಳ್ಳುತ್ತಿದ್ದೆ. ರಕ್ತದಾನ ಶಿಬಿರ ಇಟ್ಟರೆ ರಕ್ತ ತೆಗೆಯಲು ಬಂದ ಡಾಕ್ಟರೇ ತಲೆಸುತ್ತಿ ಬಿದ್ದರು. ಆದರೂ ಒಂದು ದಿನ ನಮ್ಮ ಬಾಸ್ ಅಮೆರಿಕದಿಂದ ತಂದ ಎಂಟು ಜಿಪಿಎಸ್ ಯಂತ್ರಗಳನ್ನು ನನ್ನ ಮೇಜಿನ ಮೇಲಿಟ್ಟು, ಇವನ್ನು ಬಳಸಿ ಸಿಬ್ಬಂದಿಗೆಲ್ಲ ಒಂದು ನಿಧಿ ಹುಡುಕುವ ಆಟ ಆಡಿಸು ಎಂದರು. ಫೋನಿನಲ್ಲಿ ನಕ್ಷೆ ನೋಡುವ ಕಾಲ ಆಗಿನ್ನೂ ಬಂದಿರಲಿಲ್ಲ. ಕೈಯಗಲದ ಆ ಯಂತ್ರಕ್ಕೆ ಒಂದು ಜಾಗದ ಅಂಕಿ ತಿನ್ನಿಸಿದರೆ ಅತ್ತ ಬಾಣ ತೋರಿಸುತ್ತಿತ್ತು, ಅಷ್ಟೆ.

ನಾನು ಹಳೇ ದಿಲ್ಲಿಯ ಚಾಂದನಿ ಚೌಕ ಆರಿಸಿಕೊಂಡೆ. ಅಲ್ಲಿ ಹಳೇ ಕಾಲದ ನಿಯಾನ್ ಬೋರ್ಡುಗಳು ಇನ್ನೂ ಉಳಿದಿದ್ದವು. ಗಾಜಿನ ಕೊಳವೆ ಬಗ್ಗಿಸಿ ಮಾಡಿದ ಗಡಿಯಾರ, ನವಿಲು, ಜಿಲೇಬಿ. ಒಂದೊಂದು ಬೋರ್ಡಿನ ಕೆಳಗೆ ಒಂದೊಂದು ಸುಳಿವು, ತಂಡಕ್ಕೊಂದು ಯಂತ್ರ. ಕೊನೆಯದು ಫತೇಪುರಿ ತುದಿಯ ಭಟ್ಟರ ಹೋಟೆಲು. ಭಟ್ಟರು ಉಡುಪಿ ಕಡೆಯವರು, ನನ್ನ ಭಾನುವಾರದ ಊಟ ಅವರಲ್ಲೇ. ಅವರ ತಂದೆ ಹಾಕಿಸಿದ ಬೋರ್ಡು ಗೋಡೆಯಿಂದ ರಸ್ತೆಯ ಮೇಲಕ್ಕೆ ಚಾಚಿಕೊಂಡಿತ್ತು. ತುದಿಯಲ್ಲಿ ಒಂದು ಕಪ್ಪು-ಬಸಿ, ಮೇಲೆ ಮೂರೆಳೆ ಹಬೆ. ಹಿಂದಿನ ವರ್ಷದ ಬಿರುಗಾಳಿಗೆ ಆ ಕಪ್ಪು-ಬಸಿ ಕಿತ್ತುಬಿದ್ದಿತ್ತು. ರಿಪೇರಿಗೆ ಒಯ್ದ ನಿಯಾನ್ ಮಿಸ್ತ್ರಿ ಆವತ್ತಿನಿಂದ 'ಕಲ್ ಪಕ್ಕಾ', ನಾಳೆ ಖಂಡಿತ, ಎನ್ನುತ್ತಲೇ ಇದ್ದ.

ಅದು ಸಾಲದೆಂದು ನಗರಪಾಲಿಕೆಯಿಂದ ಒಂದು ನೋಟಿಸೂ ಬಂದಿತ್ತು. ಗೋಡೆಯಿಂದ ಮೂರೂವರೆ ಅಡಿಗಿಂತ ಹೊರಗೆ ಚಾಚಿದ ಬೋರ್ಡನ್ನು ಕಿತ್ತುಹಾಕಲಾಗುತ್ತದೆ, ಅಳತೆಗೆ ಅಧಿಕಾರಿ ಬರುತ್ತಾರೆ ಎಂದು. ಭಟ್ಟರು ಅಪ್ಪನ ಕಾಲದ ಬಿಲ್ಲು ಹುಡುಕಿ ತೆಗೆದರು. ಅದರಲ್ಲಿ ನಾಲ್ಕು ಅಡಿ ಎಂದಿತ್ತು.

"ಅಪ್ಪನ ಫೋಟೋ ಬೇಕಾದ್ರೆ ಇಳಿಸ್ತೇನೆ, ಆ ಬೋರ್ಡು ಇಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೆ" ಎಂದರು. "ಅದು ಹೋಗುವ ಮೊದಲು ನಿಮ್ಮವರು ನಾಲ್ಕು ಜನ ತಲೆಯೆತ್ತಿ ನೋಡ್ಲಿ."

ಕಡೇ ಪಕ್ಷ ಆಟದ ದಿನವಾದರೂ ಬೋರ್ಡು ಇಡಿಯಾಗಿ ಉರಿಯಲಿ ಎಂದು ನಾನೇ ಮೂರು ಸಲ ಲಕ್ಷ್ಮೀ ನಗರಕ್ಕೆ ಹೋಗಿ ಮಿಸ್ತ್ರಿಯ ಬೆನ್ನು ಹತ್ತಿದೆ. ಮೂರು ಸಲವೂ ಚಹಾ ಕುಡಿಸಿ 'ಕಲ್ ಪಕ್ಕಾ' ಎಂದು ಕಳಿಸಿದ.

೧. ತಾರಸಿಯ ಸುಳಿವು

ಅಂಕಿ ಬರೆದುಕೊಳ್ಳಲು ನಾನು ಹೋದದ್ದು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿದ್ದವು, ಆರಾಮವಾಯಿತು. ಆದರೆ ಗಲ್ಲಿಗಳೊಳಗೆ ಯಂತ್ರಕ್ಕೆ ಆಕಾಶವೇ ಕಾಣುತ್ತಿರಲಿಲ್ಲ. ಹಾಗಾಗಿ ಅವರಿವರನ್ನು ಬೇಡಿಕೊಂಡು ತಾರಸಿ ಹತ್ತಿ ಅಂಕಿ ತೆಗೆದೆ. ಯಂತ್ರ ಎತ್ತರವನ್ನೂ ತೋರಿಸುತ್ತಿತ್ತು. ಇರಲಿ ಎಂದು ಅದನ್ನೂ ಬರೆದು ಕೊಟ್ಟೆ.

ಎಂಜಿನಿಯರುಗಳಿಗೆ ಅಂಕಿ ಕೊಟ್ಟರೆ ಮುಗಿಯಿತು, ಕಣ್ಣಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಆಟದ ದಿನ ಟೆಸ್ಟಿಂಗ್ ವಿಭಾಗದ ಮೂವರು ಹುಡುಗಿಯರು ಗಡಿಯಾರದ ಬೋರ್ಡಿನ ಅಡಿಯಲ್ಲೇ ಹಾದು, ಮೆಟ್ಟಿಲು ಹತ್ತಿ, ಸೀದಾ ಒಬ್ಬ ಅಜ್ಜಿಯ ತಾರಸಿಗೆ ಹೋಗಿ ನಿಂತರು. ಅಜ್ಜಿ ಹಪ್ಪಳ ಒಣಗಿಸುತ್ತಿದ್ದರು. ಇಲ್ಲಿ ನಮಗೇನಾದರೂ ಇಟ್ಟಿದ್ದಾರೆಯೇ ಎಂದು ಇವರು ಕೇಳಿದರು. ಹಪ್ಪಳ ಮಗುಚಲು ಸೊಸೆ ಕಳಿಸಿದ ಹುಡುಗಿಯರು ಎಂದುಕೊಂಡು ಅಜ್ಜಿ ಮೂವರನ್ನೂ ಕೂರಿಸಿಕೊಂಡರು. ಎರಡು ಚಾಪೆ ಮಗುಚಿದ ಮೇಲೆ ಒಬ್ಬಳು ಧೈರ್ಯ ಮಾಡಿ, ಸುಳಿವು ಕೊಡಿ ಅಮ್ಮಾ ಎಂದಳು.

ಕೊಡುತ್ತೇನೆ, ಮೊದಲು ನಿನ್ನ ಗೋತ್ರ ಯಾವುದು ಹೇಳು ಎಂದರಂತೆ ಅಜ್ಜಿ.

೨. ಬೋರ್ಡಿಗೆ ಹಾಸಿಗೆ

ಎರಡನೆಯ ತಪ್ಪೂ ನನ್ನದೇ. ಜನಜಂಗುಳಿಯಲ್ಲಿ ಯಾರೂ ಕಳೆದುಹೋಗದಿರಲಿ ಎಂದು ಎಲ್ಲರ ಕೊರಳಿಗೆ ಐಡಿ ಕಾರ್ಡು, ಕೈಗೆ ರಟ್ಟಿನ ಹಲಗೆ ಮತ್ತು ಪೆನ್ನು ಕೊಟ್ಟಿದ್ದೆ. ನೋಟಿಸು ಬಂದಿದ್ದು ಭಟ್ಟರೊಬ್ಬರಿಗೇ ಅಲ್ಲ, ಬೀದಿಗೆಲ್ಲ ಬಂದಿತ್ತು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಕೊರಳಲ್ಲಿ ಕಾರ್ಡು, ಕೈಯಲ್ಲಿ ಯಂತ್ರ ಹಿಡಿದು ಬೋರ್ಡು ನೋಡಿ ಬರೆದುಕೊಳ್ಳುವ ನಲವತ್ತು ಜನ ಬಂದಿದ್ದಾರೆ ಎಂಬ ಸುದ್ದಿ ನಮ್ಮವರಿಗಿಂತ ಬೇಗ ಫತೇಪುರಿ ಕಡೆಗೆ ಓಡಿತು. ಒಂದೊಂದೇ ಬೋರ್ಡು ಆರಿತು. ನವಿಲಿನ ಮೇಲೆ ಹಾಸಿಗೆಯ ಚಾದರ ಬಿತ್ತು. ಸೀರೆ ಅಂಗಡಿಯವನು ಮಾರಾಟವಾಗದ ಸೀರೆಯೊಂದನ್ನು ತನ್ನ ಬೋರ್ಡಿಗೆ ಉಡಿಸಿಬಿಟ್ಟ. ಅವಸರದಲ್ಲಿ ಸ್ವಿಚ್ಚು ಆರಿಸುವುದನ್ನು ಮರೆತಿದ್ದ.

ನಮ್ಮ ಒಂದು ತಂಡದ ಹುಡುಗ ಹೋಗಿ, ಭಯ್ಯಾ, ನಿಮ್ಮ ನಿಯಾನ್ ಬೋರ್ಡು ಎಲ್ಲಿ ಎಂದು ಕೇಳಿದ. ಇಂಥ ಬೋರ್ಡು ನಮ್ಮ ವಂಶದಲ್ಲೇ ಯಾರೂ ಹಾಕಿಸಿಲ್ಲ ಎಂದ ಅಂಗಡಿಯವನು. ಅವನ ತಲೆಯ ಮೇಲೆ ಸೀರೆಯೊಳಗಿಂದ ಕೆಂಪಗೆ ಬೆಳಕು ಬರುತ್ತಿತ್ತು. ಆಮೇಲೆ ಅವನೇ ಎಲ್ಲರಿಗೂ ಲಸ್ಸಿ ತರಿಸಿದ.

ಆ ತಂಡ ಕೊನೆಗೆ ನನಗೆ ಕೊಟ್ಟ ಹಾಳೆಯಲ್ಲಿ ಆರು ಬೋರ್ಡುಗಳ ಎದುರಿಗೂ ಒಂದೇ ಉತ್ತರವಿತ್ತು: 'ಸಿಗಲಿಲ್ಲ. ಲಸ್ಸಿ ಚೆನ್ನಾಗಿತ್ತು.'

೩. ನಲವತ್ತು ಮೀಟರು

ಬಾಸ್ ದಿಲ್ಲಿಯಲ್ಲೇ ಹುಟ್ಟಿ ಬೆಳೆದವರು. ದಾರಿ ಕೇಳುವುದು ಅವರ ಮರ್ಯಾದೆಗೆ ಕಡಿಮೆ. ಭಟ್ಟರ ಹೋಟೆಲು ಇನ್ನು ನಲವತ್ತು ಮೀಟರು ಎಂದು ಯಂತ್ರ ತೋರಿಸುತ್ತಿದ್ದಾಗ ಅವರ ಕಾಲು ಸೋತು, ಸೈಕಲ್ ರಿಕ್ಷಾ ಹತ್ತಿದರು. ಎಲ್ಲಿಗೆ ಎಂದು ಹೇಳದೆ, ಬಾಣದ ಗುರುತು ತೋರಿಸಿ 'ಚಲೋ' ಎಂದರು. ಅತ್ತ ರಿಕ್ಷಾಗೆ ದಾರಿಯಿರಲಿಲ್ಲ. ರಿಕ್ಷಾದವನು ಮೂರು ಗಲ್ಲಿ ಸುತ್ತಿ, ಎತ್ತಿನ ಗಾಡಿಯ ಹಿಂದೆ ಸಿಕ್ಕಿಕೊಂಡು, ಅರ್ಧ ಗಂಟೆಯ ಮೇಲೆ ಇಳಿಸಿದ. ಬಾಸ್ ಯಂತ್ರ ನೋಡಿದರು. ಈಗ ಅರವತ್ತು ಮೀಟರು.

ನನ್ನ ತಪ್ಪಿಲ್ಲ ಸಾಹೇಬ್, ಅದು ಹೇಳಿದ ಕಡೆಗೇ ತುಳಿದೆ ಎಂದನಂತೆ ರಿಕ್ಷಾದವನು.

೪. ಮೊದಲು ಬಂದವರಿಗೆ

ನಿಧಿಯ ಪೆಟ್ಟಿಗೆಯನ್ನು ಬಣ್ಣದ ಕಾಗದ ಸುತ್ತಿ ಭಟ್ಟರ ಗಲ್ಲಾದ ಹತ್ತಿರ ಇಟ್ಟಿದ್ದೆ. ಅವರಿಗೆ ಒಂದು ಯಂತ್ರ ತೋರಿಸಿ, ಇಂಥದ್ದನ್ನು ಹಿಡಿದು ಯಾರು ಮೊದಲು ಬಂದು ಬೋರ್ಡು ನೋಡುತ್ತಾರೋ ಅವರಿಗೆ ಹಾರ ಹಾಕಿ ಇದನ್ನು ಕೊಡಿ, ಫೋಟೋದವನು ಇರುತ್ತಾನೆ ಎಂದು ಹೇಳಿಕೊಟ್ಟಿದ್ದೆ. ಭಟ್ಟರು ಹೇಳಿದಂತೆ ನಡೆಯುವ ಮನುಷ್ಯ.

ಸಂಜೆ ಭಟ್ಟರು ದೇವರಿಗೆ ದೀಪ ಹಚ್ಚಿ, ಬೋರ್ಡಿನ ಸ್ವಿಚ್ಚು ಒತ್ತಿ ಕೈಮುಗಿದರು. ಅಷ್ಟು ಹೊತ್ತಿಗೆ ಸಫಾರಿ ಸೂಟಿನವರೊಬ್ಬರು ಬಂದು, ಕೈಯಲ್ಲಿ ಜಿಪಿಎಸ್ ಯಂತ್ರ ಹಿಡಿದು, ತಲೆಯೆತ್ತಿ ಬೋರ್ಡು ನೋಡಿದರು. ಭಟ್ಟರು ಓಡಿಹೋಗಿ ಹಾರ ಹಾಕಿದರು. ಪೆಟ್ಟಿಗೆಯನ್ನು ಅವರ ಎದೆಗೆ ಒತ್ತಿದರು. ಕ್ಯಾಮೆರಾ ನಾಲ್ಕು ಸಲ ಮಿಂಚಿತು.

ಇದೇನು ಎಂದು ಅವರು ಹಿಂದೆ ಸರಿದರು. ಸಂಕೋಚ ಬೇಡ, ಇದು ನಿಮಗೆಂದೇ ಇಟ್ಟದ್ದು, ಉಳಿದವರು ಬರುವ ಮೊದಲು ತೆಗೆದುಕೊಂಡುಬಿಡಿ ಎಂದು ಭಟ್ಟರು ತಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು.

"ನಾನು ಬೋರ್ಡು ಅಳೆಯಲು ಬಂದ ಅಧಿಕಾರಿ" ಎಂದರು ಅವರು.

ನಾನು ನಮ್ಮ ನಲವತ್ತು ಜನರೊಂದಿಗೆ ಅಲ್ಲಿ ತಲುಪಿದಾಗ ಭಟ್ಟರು ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಇಷ್ಟು ವರ್ಷದಲ್ಲಿ ಯಾರಿಗೂ ಒಂದು ಕಾಫಿಯನ್ನೂ ಬಿಟ್ಟಿ ಕೊಟ್ಟು ಕೆಲಸ ಮಾಡಿಸಿಕೊಂಡವರಲ್ಲ. "ನನ್ನ ಕೈಯಲ್ಲಿ ಎಂತ ಮಾಡಿಸಿಬಿಟ್ರಿ ನೀವು" ಎಂದರು. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಅಧಿಕಾರಿಯ ಕೈಲಿದ್ದ ಯಂತ್ರ ಬೋರ್ಡುಗಳ ಜಾಗ ಗುರುತಿಸಲು ಇಲಾಖೆ ಕೊಟ್ಟದ್ದಂತೆ. ನಮ್ಮದೊಂದು ಆಟ ಎಂದು ಅವರಿಗೆ ತಿಳಿಸಿ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಅವರ ಕಣ್ಣು ಕ್ಯಾಮೆರಾದ ಮೇಲೇ ಇತ್ತು.

ಅಧಿಕಾರಿ ಹಾರ ತೆಗೆದು ನನ್ನ ಕೊರಳಿಗೇ ಹಾಕಿದರು. ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಎಲ್ಲರೂ ನೋಡಿ, ನಾನು ಏನೂ ಮುಟ್ಟಿಲ್ಲ, ನಿಮ್ಮೆಲ್ಲರ ಎದುರಿಗೇ ಅಳೆಯುತ್ತೇನೆ ಎಂದು ಏಣಿ ತರಿಸಿದರು. ಟೇಪಿನ ಒಂದು ತುದಿಯನ್ನು ಆಗಷ್ಟೇ ರಿಕ್ಷಾ ಇಳಿದು ಬಂದ ನಮ್ಮ ಬಾಸ್ ಕೈಗೆ ಕೊಟ್ಟರು. ಒಂದು ಸಲ ಅಳೆದರು. ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಅಳೆದರು. ಮೂರನೆಯ ಸಲವೂ ಅಷ್ಟೇ ಬಂತು. ಮೂರು ಅಡಿ ನಾಲ್ಕು ಇಂಚು.

ಬಿಲ್ಲಿನಲ್ಲಿ ನಾಲ್ಕು ಅಡಿ ಉಂಟಲ್ಲ ಎಂದು ಪ್ರಾಮಾಣಿಕ ಭಟ್ಟರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಅಷ್ಟರಲ್ಲಿ ಇಬ್ಬರೂ ಬೋರ್ಡಿನ ಬೋಳು ತುದಿಯನ್ನು ನೋಡಿದೆವು. ಕಪ್ಪು-ಬಸಿಯ ಎಂಟು ಇಂಚು ಕಳೆಯಬೇಕೆಂದು ನೋಟಿಸು ಬಂದಾಗಿನಿಂದ ಇಬ್ಬರಿಗೂ ಹೊಳೆದಿರಲಿಲ್ಲ.

ಅಧಿಕಾರಿ ಬೋರ್ಡು ನಿಯಮದೊಳಗಿದೆ ಎಂದು ಬರೆದು, ನಲವತ್ತು ಜನರ ಎದುರು ಸಹಿ ಹಾಕಿ, ನೀರು ಕೂಡ ಕುಡಿಯದೆ ಹೊರಟರು. ಭಟ್ಟರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ನಿಧಿ ಯಾರಿಗೆ ಎಂಬುದು ಯಾರಿಗೂ ನೆನಪಿರಲಿಲ್ಲ.

ಆಗ ಸೈಕಲ್ ಬೆಲ್ಲಿನ ಸದ್ದಾಯಿತು. ನಿಯಾನ್ ಮಿಸ್ತ್ರಿ. ಕ್ಯಾರಿಯರಿನಲ್ಲಿ ಹಳೇ ಪತ್ರಿಕೆ ಸುತ್ತಿ ಕಟ್ಟಿದ ಕಪ್ಪು-ಬಸಿ, ಮೂರೆಳೆ ಹಬೆ ಸಮೇತ.

"ಭಟ್‌ಜೀ, ಪಕ್ಕಾ ಅಂದಿದ್ದೆನಲ್ಲ, ಬಂದೆ ನೋಡಿ. ಏಣಿಯೂ ರೆಡಿ ಇದೆ, ಎರಡು ನಿಮಿಷದಲ್ಲಿ ಕೂರಿಸಿಬಿಡ್ತೇನೆ" ಎಂದು ಗಟ್ಟಿಯಾಗಿ ಹೇಳಿದ.

ಅಧಿಕಾರಿಯ ಬೆನ್ನು ಇನ್ನೂ ಮೂಲೆ ತಿರುಗಿರಲಿಲ್ಲ. ಭಟ್ಟರು ಅವನನ್ನು ಸೈಕಲ್ ಸಮೇತ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಎರಡು ಮಸಾಲೆ ದೋಸೆ ತಿನ್ನಿಸಿದರು. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡು ಹೇಳಿದರು:

"ಇವತ್ತು ಬೇಡ ಭಯ್ಯಾ. ಕಲ್ ಆನಾ."