'ಅಣ್ಣಾ' ಎಂಬ ಪದವನ್ನು ದಾಖಲೆಯಿಂದ ತೆಗೆಯುವ ಬಗ್ಗೆ

ಇಂದ:
ಕುಮಾರಿ ಮಮತಾ, ತಂದೆ ಪಾಪಣ್ಣ, ಸ್ವಂತ ಊರು ಮಡಕಶಿರಾ ಕಡೆಯ ರೊಳ್ಳ. ಸದ್ಯ ರಾಯದುರ್ಗದಲ್ಲಿ ಹಗಲು ಜೀನ್ಸ್ ಪ್ಯಾಂಟಿಗೆ ಜಿಪ್ ಕೂರಿಸುವ ಕೆಲಸ, ಸಂಜೆ ಕನ್ನಡ ತರಗತಿ.

ಗೆ:
ಮಾನ್ಯ ಅಧ್ಯಕ್ಷರು, ವರಸೆ ನಿಗಾ ಮಂಡಳಿ, ಎರಡನೇ ವಲಯ, ಇಸವಿ 2140.
(ಸದರಿ ಮಂಡಳಿಯು ಅರ್ಜಿದಾರಳು ಬರೆಯುತ್ತಿರುವ ಕಾದಂಬರಿಯಲ್ಲಿ ಮಾತ್ರ ಇರುವ ಕಾರಣ ಅಂಚೆಚೀಟಿ ಹಚ್ಚಿರುವುದಿಲ್ಲ.)

ವಿಷಯ: ಅಭ್ಯಾಸಬಲದಿಂದ ಒಬ್ಬರನ್ನು 'ಅಣ್ಣಾ' ಎಂದು ಕರೆದದ್ದನ್ನು ರದ್ದುಪಡಿಸಿ ಕೊಡುವ ಕುರಿತು.

ಉಲ್ಲೇಖ:
1. ಕಾದಂಬರಿಯ ಒಂದನೇ ಅಧ್ಯಾಯ, ಎರಡನೇ ಪುಟ, ನಾಲ್ಕನೇ ಸಾಲು.
2. ಸಂಜೆ ತರಗತಿಯ ಮೊದಲ ದಿನ, ಮೂರನೇ ಬೆಂಚು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಅವಳಿಗೆ ಧೈರ್ಯವಾಗಿ ಬರೆಯಲು ಬರುವ ನಮೂನೆ ಇದೊಂದೇ. 'ಸ್ನೇಹಿತನಿಗೆ ಪತ್ರ' ಎಂಬ ಪಾಠವೂ ಇತ್ತು. ಆ ದಿನ ಅವಳು ರಜೆಯಲ್ಲಿದ್ದಳು.

1. ಸಂಜೆ ತರಗತಿಯ ಹದಿನೆಂಟು ಮಂದಿ ಸೇರಿ ತಿಂಗಳಿಗೊಂದು ಕೈಬರಹದ ಪತ್ರಿಕೆ ತರುತ್ತಾರೆ. ಪಾಠ ಹೇಳುವ ಗುರುಶಾಂತಮ್ಮ ಮೇಡಂ ಕಳೆದ ವರ್ಷ, "ಹರೇದ ಹುಡುಗ್ರು ಓದೋ ಹಂಗ ಮುಂದಿನ ಕಾಲದ್ದೊಂದು ಕತಿ ಬರೀರಿ ಮಮತಾ. ಒಂದು ಕೆಟ್ಟ ಸರ್ಕಾರ ಇರ್ಲಿ, ಆ ಸರ್ಕಾರ ಬ್ಯಾಡ ಅಂದ ಪ್ರೀತಿ ಇರ್ಲಿ" ಎಂದು ಆದೇಶಿಸಿದರು. ಅರ್ಜಿದಾರಳಿಗೆ ಸರ್ಕಾರ ನಡೆಸುವುದೂ ಗೊತ್ತಿರಲಿಲ್ಲ, ಪ್ರೀತಿ ನಡೆಸುವುದೂ ಗೊತ್ತಿರಲಿಲ್ಲ. ಆದರೂ ಮೇಡಂ ಹೇಳಿದ ಕಾರಣ ಬರೆಯಲಾಯಿತು.

2. ಒಂದನೇ ಅಧ್ಯಾಯದಲ್ಲಿ ಒಂದನೇ ವಲಯದ ಹುಡುಗಿ ಗಂಗೋತ್ರಿ, ಎರಡನೇ ವಲಯದ ಹುಡುಗ ಶಿವಶಂಕರನನ್ನು ನೀರಿನ ಸರದಿಯಲ್ಲಿ ಮೊದಲ ಸಲ ಕಾಣುತ್ತಾಳೆ. ನಾಲ್ಕನೇ ಸಾಲಿನಲ್ಲಿ, "ಅಣ್ಣಾ, ಒಸಿ ಸರ್ಕಳಿ" ಎನ್ನುತ್ತಾಳೆ. ಬರೆಯುವಾಗ ಇದು ಅರ್ಜಿದಾರಳ ಗಮನಕ್ಕೇ ಬರಲಿಲ್ಲ. ಗುರುತಿಲ್ಲದ ಗಂಡಸನ್ನು ಇನ್ನೇನೆಂದು ಕರೆಯುವುದು?

3. ಎರಡನೇ ಅಧ್ಯಾಯದಲ್ಲಿ ತಮ್ಮ ಮಂಡಳಿಯ ಪ್ರಸ್ತಾಪ ಬಂದಿತು. ಬೀದಿಬೀದಿಯಲ್ಲಿ, ನೀರಿನ ಸರದಿಯ ಬಳಿಯೂ, ಮೊದಲಿನಿಂದಲೇ ಕಿವಿಗಂಬಗಳಿವೆ ಎಂದು ಬರೆಯಲಾಯಿತು. ಇಬ್ಬರು ಮೊದಲ ಸಲ ಎದುರಾದಾಗ ಒಬ್ಬರನ್ನೊಬ್ಬರು ಏನೆಂದು ಕರೆಯುವರೋ ಅದನ್ನು ಕಂಬ ಕೇಳಿಸಿಕೊಂಡು ದಾಖಲು ಮಾಡುತ್ತದೆ. ಅದೇ ಅವರ ವರಸೆ, ಅಂದರೆ ಸಾಯುವ ತನಕದ ಸಂಬಂಧ. ಅಣ್ಣ ಎಂದರೆ ಅಣ್ಣ, ಮಾವ ಎಂದರೆ ಮಾವ, ತಿದ್ದುಪಡಿಗೆ ಅವಕಾಶವಿಲ್ಲ. ಈ ಕಾನೂನು ಹೊಳೆದ ದಿನ ಅರ್ಜಿದಾರಳು ಹೆಮ್ಮೆ ತಡೆಯಲಾರದೆ ನಾಲ್ಕು ಮಿರ್ಚಿ ತಿಂದಳು. ಈಗ ಅದಕ್ಕಾಗಿ ವಿಷಾದಿಸುತ್ತಾಳೆ. (ಕಾನೂನಿಗಾಗಿ.)

4. ಎಂಟನೇ ಅಧ್ಯಾಯದಲ್ಲಿ ಗಂಗೋತ್ರಿಗೂ ಶಿವಶಂಕರನಿಗೂ ಪ್ರೀತಿಯಾಯಿತು. ವಲಯ ಬೇರೆಯಾದ್ದರಿಂದ ಇದು ನಿಷಿದ್ಧ ಪ್ರೀತಿ ಎಂದು ಅರ್ಜಿದಾರಳು ತಿಳಿದಿದ್ದಳು. ಆದರೆ ತರಗತಿಯಲ್ಲೇ ಹಿರಿಯರಾದ ನಾಗರತ್ನಕ್ಕ ಎಲ್ಲರೆದುರು ಪತ್ರಿಕೆ ಎತ್ತಿ ಹಿಡಿದು ಆಕ್ಷೇಪಣೆ ಸಲ್ಲಿಸಿದರು.

"ಏನ್ರೀ ಮಮತಾ, ಅಣ್ಣ ತಂಗೀಗೆ ಲವ್ ಮಾಡಸ್ತೀರಲ್ರೀ!"

"ಅವ್ರು ಅಣ್ಣ ತಂಗಿ ಅಲ್ಲ ಕಣಕ್ಕ, ಬೇರೆ ಬೇರೆ ವಲಯದೋರು."

"ಎರಡನೇ ಪುಟ ತಗೀರಿ. ಅಣ್ಣಾ ಅಂದಾಳ. ಕಂಬ ಕೇಳಿಸ್ಕಂಡೈತಿ, ನಾವೂ ಕೇಳಿಸ್ಕಂಡೀವಿ. ಕಾನೂನು ನೀವ ಮಾಡಿದ್ದು, ನಮ್ ಮ್ಯಾಲ ಯಾಕ ಕಣ್ಣು ಬಿಡ್ತೀರಿ?"

ಅರ್ಜಿದಾರಳನ್ನು ಬಿಟ್ಟು ಹದಿನೇಳು ಮಂದಿಯಲ್ಲಿ ಹದಿನಾರು ಮಂದಿ ನಕ್ಕರು.

5. ನಗದೇ ಉಳಿದವರು ಬೊಮ್ಮನಹಾಳಿನ ಭೀಮೇಶ್. ಹಗಲು ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ಸದರಿಯವರ ಅಕ್ಷರ ಮುತ್ತಿನಂತಿರುವ ಕಾರಣ ಪತ್ರಿಕೆಯನ್ನೆಲ್ಲ ಅವರೇ ಶುದ್ಧಪ್ರತಿ ಮಾಡುತ್ತಾರೆ. ಎಲ್ಲರೂ ಎದ್ದು ಹೊರಟ ಮೇಲೆ ಅವರು ಹಾಳೆ ಜೋಡಿಸುತ್ತ, ಹಾಳೆಗಳಿಗೇ ಹೇಳುವಂತೆ, "ಆ ಮಾತು ನನ್ ಕಣ್ಣಿಗೂ ಬಿದ್ದಿತ್ರಿ. ನಕಲು ಮಾಡೋವಾಗ ಬಿಟ್ಟುಬಿಡಾನು ಅನ್ಕಂಡಿದ್ದೆ. ಬರದೋರ ಮಾತು ತಗಿಯಾಕ ನಾ ಯಾರು ಅಂತ ಸುಮ್ನಾದೆ" ಎಂದರು.

"ತೆಗೆದಿದ್ರೆ ಚೆನ್ನಾಗಿರೋದು."

"ಮತ್ತ ಹೇಳ್ಬೇಕಿಲ್ಲೇನ್ರಿ?"

ಇಬ್ಬರೂ ಕಾದಂಬರಿಯ ಬಗ್ಗೆಯೇ ಮಾತಾಡುತ್ತಿದ್ದಾರೆಯೇ ಎಂಬ ಸಂದೇಹ ಅರ್ಜಿದಾರಳಿಗೆ ಈ ಹಂತದಲ್ಲಿ ಉಂಟಾಯಿತು.

6. ಏಕೆಂದರೆ, ಉಲ್ಲೇಖ 2ರಲ್ಲಿ ಕಾಣಿಸಿದಂತೆ, ತರಗತಿಯ ಮೊದಲ ದಿನ ಮೂರನೇ ಬೆಂಚಿನಲ್ಲಿ ಮಾತ್ರ ಜಾಗವಿತ್ತು. ಅಲ್ಲಿ ಭೀಮೇಶ್ ಕುಳಿತಿದ್ದರು. ಅರ್ಜಿದಾರಳು, "ಅಣ್ಣಾ, ಒಸಿ ಸರ್ಕಳಿ" ಎಂದಳು. ಅವರು ಸರಿದರು. ಅಂದಿನಿಂದ ಇಂದಿನವರೆಗೆ ಸರಿದೇ ಕುಳಿತಿದ್ದಾರೆ.

ಹಾಗೆ ಕರೆದದ್ದಕ್ಕೆ ಕಾರಣಗಳು ಎರಡು. (ಅ) ಅರ್ಜಿದಾರಳ ತಾಯಿ ಕದರಮ್ಮನವರು ಬಸ್ ಹತ್ತಿಸುವಾಗ, "ಊರು ಬಿಟ್ಟು ಊರಿಗೆ ಹೋಗ್ತಿದ್ದೀಯ, ಕಂಡೋರ್ನೆಲ್ಲ ಅಣ್ಣ ಅನ್ನು, ಯಾವ ರಗಳೆನೂ ಇರಲ್ಲ" ಎಂದು ಸೂಚಿಸಿದ್ದರು. (ಆ) ರಾಯದುರ್ಗದಲ್ಲಿ ಎಲ್ಲರೂ ಎಲ್ಲರಿಗೂ 'ರೀ' ಎನ್ನುತ್ತಾರೆ. ಹಾಲಿನವನಿಗೂ ರೀ, ಬಸ್ಸಿನ ಕಂಡಕ್ಟರಿಗೂ ರೀ. ಆದರೆ ಅರ್ಜಿದಾರಳ ಮನೆಯಲ್ಲಿ ಆ ಪದ ಒಬ್ಬರ ಸ್ವತ್ತು. ಕದರಮ್ಮನವರು ಒಲೆಯ ಮುಂದಿನಿಂದ 'ರೀ' ಎಂದರೆ ಅಂಗಳದಲ್ಲಿ ಎಷ್ಟು ಗಂಡಸರಿದ್ದರೂ ಪಾಪಣ್ಣನವರು ಮಾತ್ರ ತಿರುಗಿ ನೋಡುತ್ತಾರೆ. ಆದಕಾರಣ ಮೊದಲ ದಿನವೇ ಗುರುತಿಲ್ಲದವರನ್ನು ರೀ ಎನ್ನಲು ನಾಲಿಗೆ ಏಳಲಿಲ್ಲ.

7. ಇದಾದ ಮೇಲೆ ಒಂದು ವರ್ಷ ಭೀಮೇಶ್ ಅರ್ಜಿದಾರಳ ಕಾಗುಣಿತ ತಿದ್ದಿದ್ದಾರೆ, ಅವಳು ಬಾರದ ದಿನಗಳ ಟಿಪ್ಪಣಿ ಬರೆದಿಟ್ಟಿದ್ದಾರೆ, ಅವರ ಅಂಗಿಯ ಕಿತ್ತ ಜೇಬನ್ನು ಅವಳು ಮಿಷನ್‌ನಲ್ಲಿ ಹೊಲಿದು ಕೊಟ್ಟಿದ್ದಾಳೆ. ತಪ್ಪಾಗಿ ಕೂತ ಜಿಪ್ ಬಿಚ್ಚಿ ಮತ್ತೆ ಹೊಲಿಯುವುದು ಅರ್ಜಿದಾರಳಿಗೆ ದಿನನಿತ್ಯದ ಕೆಲಸ. ಮಾತು ಬಿಚ್ಚುವುದನ್ನು ಯಾರೂ ಕಲಿಸಿಲ್ಲ.

8. ಇದೀಗ ನಾಗರತ್ನಕ್ಕನಿಂದ ತಿಳಿದುಬಂದಿರುವಂತೆ, ಬರುವ ಭಾನುವಾರ ಭೀಮೇಶ್ ಮನೆಯವರ ಜೊತೆ ಬಳ್ಳಾರಿಗೆ ಹೆಣ್ಣು ನೋಡಲು ಹೋಗುವವರಿದ್ದಾರೆ. "ನೀವೂ ಬರ್ರಿ, ತಂಗಿ ಅಲ್ಲೇನು? ಹೂವಿನ ಬುಟ್ಟಿ ಹಿಡಕಳ್ರಿ" ಎಂದು ನಾಗರತ್ನಕ್ಕ ಆಹ್ವಾನವನ್ನೂ ನೀಡಿರುತ್ತಾರೆ. ಕಾದಂಬರಿಯ ಕೊನೆಯ ಅಧ್ಯಾಯ ಶುಕ್ರವಾರ ಭೀಮೇಶ್ ಕೈಸೇರಬೇಕು. ಅರ್ಜಿದಾರಳು ಅದನ್ನು ಆರು ಸಲ ಬರೆದು ಆರು ಸಲ ಹರಿದಿದ್ದಾಳೆ. ಕ್ರಾಂತಿ ಮಾಡಿಸೋಣವೆಂದರೆ ಕಂಬ ಕೀಳಲು ಜನ ಸಾಲದು. ಗಂಗೋತ್ರಿಯನ್ನು ಸಾಯಿಸೋಣವೆಂದರೆ ಪಾಪ, ಅವಳದೇನು ತಪ್ಪು? ಜಾಗ ಕೇಳಿದ್ದಷ್ಟೇ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಗಣಿಸಿ, ಎರಡೂ ಉಲ್ಲೇಖಗಳಲ್ಲಿನ 'ಅಣ್ಣಾ' ಪದವನ್ನು ಹಿಂದಿನ ದಿನಾಂಕದಿಂದಲೇ ರದ್ದುಪಡಿಸಬೇಕಾಗಿ ಕೋರಿಕೆ. ಅದರ ಜಾಗದಲ್ಲಿ ಭೀಮೇಶ್ ಅವರನ್ನು 'ರೀ' ಎಂದು ಕರೆಯಲು ಅರ್ಜಿದಾರಳಿಗೆ ಅನುಮತಿ ನೀಡುವುದು. ಸದರಿ 'ರೀ' ರಾಯದುರ್ಗದ್ದೋ ಅಥವಾ ಕದರಮ್ಮನವರದ್ದೋ ಎಂಬುದನ್ನು ಕರೆಸಿಕೊಂಡವರೇ ತೀರ್ಮಾನಿಸತಕ್ಕದ್ದು.

ವಿಶ್ವಾಸ ಅಷ್ಟಾಗಿ ಇಲ್ಲದಿದ್ದರೂ ನಮೂನೆಯ ಪ್ರಕಾರ,
ತಮ್ಮ ವಿಶ್ವಾಸಿ,
ಮಮತಾ

ಲಗತ್ತುಗಳು:
1. ಒಂದನೇ ಅಧ್ಯಾಯದ ಎರಡನೇ ಪುಟ. (ನಾಲ್ಕನೇ ಸಾಲಿನ ಮೇಲೆ ಟೀ ಚೆಲ್ಲಿರುವುದು ಉದ್ದೇಶಪೂರ್ವಕವಲ್ಲ.)
2. ಹರಿದ ಹಾಳೆಗಳು, ಆರು ಕಂತೆ.
3. ಕೊನೆಯ ಅಧ್ಯಾಯ: ಪ್ರತ್ಯೇಕವಾಗಿ ಲಗತ್ತಿಸಿಲ್ಲ. ಈ ಅರ್ಜಿಯೇ ಅದು.

ಪ್ರತಿ: ಶ್ರೀ ಭೀಮೇಶ್ ಅವರಿಗೆ, ಶುದ್ಧಪ್ರತಿಯ ಸಲುವಾಗಿ. ಎಲ್ಲವನ್ನೂ ಇದ್ದ ಹಾಗೆಯೇ ನಕಲು ಮಾಡುವುದು. ಒಂದು ಪದವನ್ನು ಬಿಡಲು ಬರೆದವರ ಒಪ್ಪಿಗೆ ಇದೆ. ಬಿಟ್ಟಲ್ಲಿ, ಸೋಮವಾರ ಮೂರನೇ ಬೆಂಚಿನಲ್ಲಿ ಸರಿಯದೆ ಕುಳಿತುಕೊಳ್ಳತಕ್ಕದ್ದು.