ಅಂಬಲಿಯ ಸಾಗರ

ಎಲ್ಲಾ ಆದದ್ದು ಅಂಬಲಿಯ ಪೊರೆಯಿಂದ.

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದ ಜಯರಾಮಪ್ಪನ ಮನೆ ಬಂಗಾರಪೇಟೆಯಲ್ಲಿ. ಮಾರಿಕುಪ್ಪಂ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ಓಡಾಡಿ ಸಾಕಾಗಿ, ಊರಿಗೇ ವರ್ಗ ಕೇಳಿದ್ದ. "ಪಾಠ ನೋಡಿ ಹೇಳ್ತೀನಿ" ಎಂದಿದ್ದರು ಇನ್‌ಸ್ಪೆಕ್ಟರ್ ಸಾಹೇಬರು. ಇವತ್ತು ಅವರು ಬರುವವರಿದ್ದರು.

ಸಾಗರದ ನಡುವೆ ನೆಲದ ಫಲಕಗಳು ದೂರ ಸರಿಯುತ್ತವೆ, ಬಿರುಕಿನಿಂದ ಕಾದ ಕಲ್ಲುರಸ ಉಕ್ಕಿ ಹೊಸ ನೆಲವಾಗುತ್ತದೆ. ಇದು ಪಾಠ. ಸಾಗರವನ್ನೇ ಕಾಣದ ಮಕ್ಕಳಿಗೆ ತೋರಿಸುವುದು ಹೇಗೆ? ಜಯರಾಮಪ್ಪ ಬೆಳಿಗ್ಗೆಯೇ ಬಂದು ಮೇಷ್ಟ್ರುಗಳ ಕೋಣೆಯಲ್ಲಿ ಸ್ಟವ್ ಹಚ್ಚಿ, ಗಟ್ಟಿಯಾಗಿ ರಾಗಿ ಅಂಬಲಿ ಕಾಸಿ ಆರಲು ಇಟ್ಟ. ಮೇಲೆ ಕಟ್ಟಿದ ಪೊರೆಯೇ ಫಲಕ; ಮತ್ತೆ ಬಿಸಿ ಮಾಡಿದರೆ ಅದು ನಡುವೆ ಬಿರಿದು ಒಳಗಿನ ಅಂಬಲಿ ಮೇಲೆ ಬರುತ್ತದೆ.

ಕೈ ತೊಳೆದು ಬರುವಷ್ಟರಲ್ಲಿ ಕನಕಮ್ಮ ಟೀಚರ್ ಸೌಟು ಹಿಡಿದು ನಿಂತಿದ್ದರು.

"ಪೊರೆ ಕಟ್ಬಿಟ್ಟಿತ್ತು ಮೇಷ್ಟ್ರೇ. ಚೆನ್ನಾಗಿ ಕಲಕಿಟ್ಟಿದ್ದೀನಿ."

"ಆ ಪೊರೇನೇ ನನಗೆ ಬೇಕಾಗಿದ್ದು ಕಣಮ್ಮ."

"ಗಂಡಸರಿಗೆ ಅಡಿಗೆ ಎಲ್ಲಿ ಗೊತ್ತಾಗುತ್ತೆ" ಎಂದು ಆಕೆ ಮರುಕಪಟ್ಟರು.

ಮತ್ತೆ ಕಾಸಿ ಆರಲಿಟ್ಟು, ಬಾಗಿಲು ಹಾಕಿ ಹೋದ. ಉಪಕಾರಿಗಳ ಕಾಟ ಬಾಗಿಲಿಗೆ ನಿಲ್ಲುತ್ತದೆಯೇ? ಜವಾನ ಪೆರುಮಾಳ್ ಒಳಗೆ ನುಗ್ಗಿ, ಅಂಬಲಿಗೆ ಮಜ್ಜಿಗೆ ಹೊಯ್ದು, ಈರುಳ್ಳಿ ಹೆಚ್ಚಿ ಹಾಕಿ, ಮೇಷ್ಟ್ರುಗಳಿಗೆಲ್ಲಾ ಲೋಟ ಲೋಟ ಹಂಚಿದ್ದ.

"ಬರೀ ಅಂಬ್ಲಿ ಎಂಗ್ ಕುಡೀತೀರಾ ಸಾರ್? ನಿಮ್ಗೂ ಒಂಚೂರು ಎತ್ತಿಟ್ಟಿವ್ನಿ."

ಜಯರಾಮಪ್ಪನಿಗೆ ಅಳು ಬಂತು. ಅಳಲು ಹೊತ್ತಿರಲಿಲ್ಲ, ಸಾಹೇಬರು ಬಂದೇಬಿಟ್ಟರು.

ತರಗತಿಯಲ್ಲಿ ಎರಡು ಮೇಜು ಜೋಡಿಸಿ, ಅವು ಕೂಡಿದಲ್ಲಿ ಉಳಿದ ಅಂಬಲಿಯ ಪಾತ್ರೆ ಇಟ್ಟ. "ಇದು ಸಾಗರ" ಎಂದ. ಸಾಗರದಲ್ಲಿ ಈರುಳ್ಳಿ ತೇಲುತ್ತಿತ್ತು.

"ಫಲಕ ಎಲ್ರೀ?" ಸಾಹೇಬರು ಹುಬ್ಬು ಗಂಟಿಕ್ಕಿದರು.

ಆಗ ನೆಲ ಗುಡುಗಿತು. ಗಣಿಯೊಳಗೆಲ್ಲೋ ಬಂಡೆ ಸಿಡಿದಿತ್ತು. ಮೇಜುಗಳು ಆಚೆಗೊಂದು ಈಚೆಗೊಂದು ಸರಿದವು, ಪಾತ್ರೆ ನಡುವೆ ಬಿತ್ತು, ಅಂಬಲಿ ಸಂದಿಯಿಂದ ಸಾಹೇಬರ ಮೀಸೆಯವರೆಗೆ ಚಿಮ್ಮಿತು. ಹುಟ್ಟಿದಾಗಿನಿಂದ ಈ ನಡುಕ ಕಂಡ ಮಕ್ಕಳು ಕೂತಲ್ಲೇ ಕೂತಿದ್ದರು. ಸಾಹೇಬರು ಬೆಂಚಿನ ಕೆಳಗಿದ್ದರು.

"ಬಂಡೆ ಸಿಡಿದಿದ್ದು ಸಾರ್, ಸಣ್ಣದು. ಏಳಿ" ಎಂದ ಪೆರುಮಾಳ್.

ಸಾಹೇಬರು ಎದ್ದು, ದೂರ ಸರಿದ ಮೇಜುಗಳನ್ನೂ ನಡುವಿನ ಅಂಬಲಿಯನ್ನೂ ನೋಡಿದರು. ಮುಖ ಅರಳಿತು.

"ಫಲಕ ಸರಿಯೋದು, ನಡುವಿಂದ ಉಕ್ಕೋದು, ನೆಲ ನಡುಗೋದು, ಎಲ್ಲಾ ಒಟ್ಟಿಗೆ ತೋರಿಸಿಬಿಟ್ರಿ. ಇಂಥ ಪಾಠ ನಾನು ನೋಡಿರಲಿಲ್ಲ."

ಜಯರಾಮಪ್ಪನಿಗೆ ಹೋದ ಜೀವ ಬಂತು. "ಹಾಗಾದ್ರೆ ಬಂಗಾರಪೇಟೆಗೆ ವರ್ಗ, ಸಾರ್?"

"ಬಂಗಾರಪೇಟೇಲಿ ನೆಲ ಹೀಗೆ ನಡುಗುತ್ತೇನ್ರಿ?"

"ಇಲ್ಲ ಸಾರ್."

"ಮತ್ತೆ ಅಲ್ಲಿ ಈ ಪಾಠ ಹೇಗ್ರಿ ಮಾಡ್ತೀರಿ? ರಿಟೈರ್ ಆಗೋವರೆಗೂ ನಿಮ್ಮನ್ನ ಇಲ್ಲಿಂದ ಕದಲಿಸಬಾರದು ಅಂತ ನಾನೇ ಬರೀತೀನಿ."

ಸಂಜೆಯ ರೈಲಿನಲ್ಲಿ ಜಯರಾಮಪ್ಪ ಎಂದಿನಂತೆ ನಿಂತೇ ಹೋದ.